ಊರಿನ ಸೊಂಟ ಮೂರು ಇಂಚು ಇಳಿದ ವರ್ಷ

ದಾರ ಕಟ್ಟಿದ ಅಯಸ್ಕಾಂತವನ್ನು ನಾನು ಅಂಗಡಿಯ ನೆಲದ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗುತ್ತಿದ್ದೆ. ಹೊಲಿಗೆ ಯಂತ್ರದ ಕೆಳಗೆ, ಕತ್ತರಿಸುವ ಮೇಜಿನ ಸುತ್ತ, ಗಿರಾಕಿಗಳು ನಿಲ್ಲುವ ಕನ್ನಡಿಯ ಮುಂದೆ ಬಿದ್ದಿದ್ದ ಗುಂಡುಸೂಜಿಗಳು ಒಂದೊಂದಾಗಿ ಬಂದು ಅಂಟಿಕೊಳ್ಳುತ್ತಿದ್ದವು. ಚಿಕ್ಕಪ್ಪನ ಬಾಯಲ್ಲಿ ನಾಲ್ಕು ಸೂಜಿಗಳಿದ್ದುದರಿಂದ ಅವನು ಮಾತಾಡುವಂತಿರಲಿಲ್ಲ. ಅಜ್ಜಿ ಗೋಡೆ ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಮ್ಯೂಸಿಯಂನ ಮೇಡಂ ಮೇಜಿನ ಆ ತುದಿಯಲ್ಲಿ ಕುಳಿತು, ತಾತನ ಹಳೆಯ ಅಳತೆ ಪುಸ್ತಕದಿಂದ ಅಂಕಿಗಳನ್ನು ತಮ್ಮ ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ನಾನು ಹತ್ತಿರ ಬಂದಾಗ ಬರೆಯುವುದನ್ನು ನಿಲ್ಲಿಸದೆಯೇ ಎರಡೂ ಕಾಲು ಎತ್ತಿದರು. ಅಯಸ್ಕಾಂತ ದಾಟಿದ ಮೇಲೆ ಇಳಿಸಿದರು. ಮೂರು ವಾರದಿಂದ ನಮ್ಮಿಬ್ಬರ ಒಡನಾಟ ಹೆಚ್ಚುಕಡಿಮೆ ಇಷ್ಟೇ.

ಇದ್ದಕ್ಕಿದ್ದಂತೆ ಅವರು ಪೆನ್ನು ಕೆಳಗಿಟ್ಟರು.

“ಇಡೀ ಊರು ಉಪವಾಸ ಬಿದ್ದಿದೆ!”

ಚಿಕ್ಕಪ್ಪ ಸೂಜಿಗಳನ್ನು ಅಂಗೈಗೆ ಉಗಿದುಕೊಂಡ. “ಯಾವಾಗ? ನಾನು ಈಗ್ತಾನೆ ಊಟ ಮಾಡಿ ಬಂದೆನಲ್ಲ?”

“ಈಗಲ್ಲ ಮಾಸ್ಟರೇ. ಐವತ್ತೆಂಟು ವರ್ಷದ ಹಿಂದೆ.”

“ಐವತ್ತೈದು,” ಎಂದಳು ಅಜ್ಜಿ, ಕಣ್ಣು ತೆರೆಯದೆ.

“ಅಮ್ಮನ ಮಾತು ಹಿಡೀಬೇಡಿ. ಅವಳಿಗೆ ಅದೊಂದು ಕಾಯಿಲೆ,” ಎಂದ ಚಿಕ್ಕಪ್ಪ.

ಅದು ಕಾಯಿಲೆಯೋ ಅಭ್ಯಾಸವೋ ನಮಗೂ ಗೊತ್ತಿರಲಿಲ್ಲ. ಅಜ್ಜಿಯ ಮುಂದೆ ಯಾವ ಸಂಖ್ಯೆ ಹೇಳಿದರೂ ಅವಳು ಅದರಲ್ಲಿ ಮೂರು ಕಳೆಯುತ್ತಿದ್ದಳು. ಎಂಟು ಗಂಟೆಗೆ ಮಾತ್ರೆ ಎಂದರೆ ಐದಕ್ಕೇ ಎದ್ದು ನೀರಿನ ಲೋಟ ಹಿಡಿದು ಕೂರುತ್ತಿದ್ದಳು. ಮನೆಗೆ ಆರು ಜನ ಬರುತ್ತಾರೆಂದರೆ ಮೂರು ತಟ್ಟೆ ತೊಳೆದಿಡುತ್ತಿದ್ದಳು. ಡಾಕ್ಟರು ವಯಸ್ಸಿನ ದೋಷ ಎಂದರು. ವಯಸ್ಸೆಷ್ಟು ಎಂದು ಅವರು ಕೇಳಿದಾಗಲೂ ಮೂರು ಕಡಿಮೆಯೇ ಹೇಳಿದಳು. ಅದನ್ನು ಮಾತ್ರ ಯಾರೂ ದೋಷ ಎನ್ನಲಿಲ್ಲ.

ಮೇಡಂ ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದರು. ತಾತನಿಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಅವನ ಪುಸ್ತಕದಲ್ಲಿ ಹೆಸರುಗಳೇ ಇಲ್ಲ. ಬೇಕರಿಯವನ ಪುಟದಲ್ಲಿ ಒಂದು ಬ್ರೆಡ್ಡಿನ ಚಿತ್ರ, ಪೊಲೀಸಿನವನ ಪುಟದಲ್ಲಿ ಮೀಸೆ, ಹೆಡ್‌ಮಾಸ್ಟರ ಪುಟದಲ್ಲಿ ಕನ್ನಡಕ. ಅದರ ಕೆಳಗೆ ತಾರೀಖು. ಆಮೇಲೆ ಒಂದು ಸೊನ್ನೆ, ಒಂದು ಕಡ್ಡಿ, ಎರಡು ಕಡ್ಡಿ, ಹೀಗೆ ಸಣ್ಣ ಸಣ್ಣ ಚಿತ್ರಗಳು, ಒಂದೊಂದರ ಮುಂದೂ ಒಂದೊಂದು ಅಂಕಿ. ಮೂಲೆಯಲ್ಲಿ ಹೊಲಿದ ಬಟ್ಟೆಯ ಒಂದು ಚೂರನ್ನು ಸೂಜಿಯಿಂದ ಚುಚ್ಚಿಟ್ಟಿರುತ್ತಿದ್ದ. ಸೊನ್ನೆಯೆಂದರೆ ಸೊಂಟ ಎಂದು ಚಿಕ್ಕಪ್ಪ ಮೊದಲ ದಿನವೇ ಮೇಡಂಗೆ ಹೇಳಿಕೊಟ್ಟಿದ್ದ. ಅವರು ಮೂರು ವಾರ ಕೂತು ನಾನೂರ ಹನ್ನೆರಡು ಸೊಂಟಗಳನ್ನು ನಕಲು ಮಾಡಿಕೊಂಡಿದ್ದರು.

“ಇಲ್ಲಿ ನೋಡಿ. ಈ ಪುಟದವರೆಗೂ ಊರಿನ ಸೊಂಟ ಸರಾಸರಿ ಮೂವತ್ತೆಂಟು ಇಂಚು. ಆಮೇಲೆ ಎರಡು ತಿಂಗಳು ಒಂದೇ ಒಂದು ಅಳತೆ ಇಲ್ಲ, ಅಂಗಡಿ ಮುಚ್ಚಿದೆ. ಮತ್ತೆ ತೆಗೆದಾಗ ಮೂವತ್ತೈದು! ಬೇಕರಿಯವರು ನಲವತ್ಮೂರರಿಂದ ನಲವತ್ತಕ್ಕೆ ಬಂದಿದ್ದಾರೆ. ಹೆಡ್‌ಮಾಸ್ಟರು ಮೂವತ್ತಾರರಿಂದ ಮೂವತ್ಮೂರಕ್ಕೆ. ಎಲ್ಲರೂ ಇಳಿದಿದ್ದಾರೆ. ಹೊಟ್ಟೆಗೇ ಇಲ್ಲದಾಗ ಬಟ್ಟೆ ಯಾರು ಹೊಲಿಸ್ತಾರೆ, ಅದಕ್ಕೇ ಅಂಗಡಿ ಮುಚ್ಚಿದೆ.”

“ಆದ್ರೆ ಇದನ್ನ ಯಾರೂ ಹೇಳಿದ್ದೇ ಕೇಳಿಲ್ವಲ್ಲ ಮೇಡಂ?”

“ಯಾವ ಪತ್ರಿಕೆಯಲ್ಲೂ ಇಲ್ಲ. ಯಾವ ಕಡತದಲ್ಲೂ ಇಲ್ಲ.”

“ಅಂದ್ರೆ ಮುಚ್ಚಿಟ್ಟಿದ್ದಾರೆ!” ಎಂದು ಚಿಕ್ಕಪ್ಪ ಮೇಜಿಗೆ ಗುದ್ದಿದ. ಅಂಗೈಯಲ್ಲಿದ್ದ ಸೂಜಿಗಳು ಮತ್ತೆ ನೆಲಕ್ಕೆ ಚೆಲ್ಲಿದವು.

ಮೇಡಂ ಅದಕ್ಕೆ ‘ಮಹಾ ಹಸಿವು’ ಎಂದು ಅಲ್ಲೇ ಹೆಸರಿಟ್ಟರು. ಬರುವ ಶುಕ್ರವಾರ ಪುರಭವನದಲ್ಲಿ ಅವರ ಭಾಷಣವಿತ್ತು. ಮ್ಯೂಸಿಯಂನಲ್ಲಿ ಎರಡು ವರ್ಷದಿಂದ ತಾತ್ಕಾಲಿಕ ಕೆಲಸದಲ್ಲಿದ್ದರಂತೆ. ಭಾಷಣ ಕೇಳಿ ಡೈರೆಕ್ಟರು ಮೆಚ್ಚಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಶನಿವಾರ ಪೆಟ್ಟಿಗೆ ಕಟ್ಟಬೇಕು. ಇದನ್ನು ಹೇಳುವಾಗ ಅವರು ನಕ್ಕರು, ಆದರೆ ಪೆನ್ನಿನ ಮುಚ್ಚಳವನ್ನು ತಪ್ಪು ತುದಿಗೆ ಹಾಕಲು ಮೂರು ಸಲ ಪ್ರಯತ್ನಿಸಿದರು.

“ನಿಮ್ಮ ತಂದೆಯವರ ಪುಸ್ತಕ ಗಾಜಿನ ಪೆಟ್ಟಿಗೆಯಲ್ಲಿ ಇರುತ್ತೆ ಮಾಸ್ಟರೇ,” ಎಂದರು. ಚಿಕ್ಕಪ್ಪ ಕನ್ನಡಿ ನೋಡಿಕೊಂಡು ಕೂದಲು ಸರಿಮಾಡಿಕೊಂಡ, ಪೆಟ್ಟಿಗೆಯೊಳಗೆ ಅವನನ್ನೇ ಇಡುತ್ತಾರೇನೋ ಎಂಬಂತೆ.

ಸೋಮವಾರದ ಹೊತ್ತಿಗೆ ಸುದ್ದಿ ರಸ್ತೆಯುದ್ದಕ್ಕೂ ಹರಡಿತು. ಹಸಿವು ಇತ್ತೆಂದು ತಿಳಿದ ಮೇಲೆ ಅದು ಎಲ್ಲರಿಗೂ ನೆನಪಾಗತೊಡಗಿತು. ಮೊದಲು ನೆನಪಾದದ್ದು ಪಕ್ಕದ ಬೇಕರಿಯವನಿಗೆ. ಅವನು ತನ್ನ ಅಪ್ಪನ ಹಳೆಯ ಕಂದು ಚೌಕಳಿ ಕೋಟು ಹಾಕಿಕೊಂಡು ಬಂದು ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತ. ಕೋಟು ಅವನ ಮೈಮೇಲೆ ಜೋಲಾಡುತ್ತಿತ್ತು.

“ಇದೇ ಕೋಟು. ಇದು ನಮ್ಮಪ್ಪನ ಮೈಮೇಲೂ ಹೀಗೇ ಜೋತಾಡ್ತಿತ್ತಂತೆ. ಕೊನೆಗೆ ಪಾಪ, ಸೊಂಟದ ಬೆಲ್ಟನ್ನೇ ಬೇಯಿಸ್ಕೊಂಡು ತಿಂದ್ರಂತೆ.”

“ಬೇಕರಿ ಇಟ್ಕೊಂಡು ಬೆಲ್ಟ್ ಯಾಕಯ್ಯಾ ತಿಂದ್ರು?” ಎಂದ ಚಿಕ್ಕಪ್ಪ.

“ಹಿಟ್ಟೆಲ್ಲಿತ್ತು ಆಗ!”

“ನಿನಗೆ ಇದನ್ನ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ಆ ನೋವು ಅಷ್ಟಿತ್ತು.”

ಸಂಜೆ ಚಪ್ಪಲಿ ಅಂಗಡಿಯವನು ಬಂದ. ಅವನ ತಾತ ಎಂಟು ಶೂ ತಿಂದಿದ್ದನಂತೆ, ಎಡಗಾಲಿನವು ಮಾತ್ರ. ಬಲಗಾಲಿನವನ್ನು ಮಕ್ಕಳಿಗೆಂದು ಉಳಿಸಿದ್ದನಂತೆ. ಮಂಗಳವಾರ ಬೇಕರಿಯವನ ಬೆಲ್ಟು ಎರಡಾಯಿತು, ಅದರಲ್ಲೊಂದಕ್ಕೆ ಹಿತ್ತಾಳೆ ಬಕಲ್ಲೂ ಇತ್ತು. ಹಸಿವಿನ ವರ್ಷಕ್ಕೆ ಇನ್ನೂ ಹುಟ್ಟಿರದಿದ್ದವರೂ ಅದರ ಬಗ್ಗೆ ಹೇಳುವಾಗ ಕಣ್ಣೊರೆಸಿಕೊಂಡರು. ಮೇಡಂ ಎಲ್ಲವನ್ನೂ ಬರೆದುಕೊಂಡರು.

ಡೈರೆಕ್ಟರು ಪ್ರದರ್ಶನಕ್ಕೆಂದು ನಮ್ಮ ಅಂಗಡಿಯ ಬೊಂಬೆಯನ್ನು ತರಿಸಿಕೊಂಡರು. ಕೋಟು ತೊಡಿಸಿ ನೋಡಲು ಇಟ್ಟಿದ್ದ, ತಲೆ ಕೈಕಾಲಿಲ್ಲದ ಮರದ ಬೊಂಬೆ ಅದು. ಹಸಿದವರ ಹಾಗೆ ಕಾಣುತ್ತಿಲ್ಲ, ತೀರಾ ಉಂಡಾಡಿಯ ಹಾಗಿದೆ ಎಂದು ಬಡಗಿಯನ್ನು ಕರೆಸಿ ಅದರ ಹೊಟ್ಟೆಗೆ ಹತ್ತರಿ ಹೊಡೆಸಿ ಸಣ್ಣ ಮಾಡಿಸಿದರಂತೆ.

ಬುಧವಾರ ಪುಸ್ತಕದ ಧೂಳು ಒರೆಸುವ ಕೆಲಸ ನನಗೆ ಬಂತು. ಚಿಕ್ಕಪ್ಪ ಅದಕ್ಕೆ ಮಖಮಲ್ಲಿನ ಮೆತ್ತೆ ಹೊಲಿಯುತ್ತಿದ್ದ. ಆ ಪುಸ್ತಕ ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಬೇರೆ ಮಕ್ಕಳು ಚಿತ್ರದ ಪುಸ್ತಕ ನೋಡುವಂತೆ ನಾನು ಅದನ್ನು ನೋಡುತ್ತಿದ್ದೆ, ಯಾವ ಗೆರೆ ಮೈಯ ಯಾವ ಭಾಗ ಎಂದು ಬಲ್ಲೆ. ಬ್ರೆಡ್ಡಿನ ಪುಟ ಒರೆಸಿದೆ. ಸೊನ್ನೆ ನಲವತ್ಮೂರು. ಹಸಿವಿನ ಆಚೆಗಿನ ಬ್ರೆಡ್ಡಿನ ಪುಟ ತೆಗೆದೆ. ನಲವತ್ತು. ಮೇಡಂ ಹೇಳಿದ್ದು ಸರಿಯೇ.

ಅದರ ಕೆಳಗಿನ ಕಡ್ಡಿ ನೋಡಿದೆ. ಕಡ್ಡಿಯೆಂದರೆ ತೋಳು. ಮೊದಲು ಇಪ್ಪತ್ತೇಳಿತ್ತು, ಆಮೇಲೆ ಇಪ್ಪತ್ನಾಲ್ಕು.

ಎರಡು ಕಡ್ಡಿ, ಅಂದರೆ ಕಾಲು. ಅದೂ ಮೂರು ಇಂಚು ಗಿಡ್ಡವಾಗಿತ್ತು. ಕುತ್ತಿಗೆ ಹದಿನೆಂಟರಿಂದ ಹದಿನೈದಕ್ಕೆ ಬಂದಿತ್ತು. ಮೀಸೆಯ ಪುಟಕ್ಕೆ ಹೋದೆ. ಪೊಲೀಸಿನವನಿಗೆ ತಾತ ಟೋಪಿಯನ್ನೂ ಹೊಲಿದಿದ್ದ. ಅವನ ತಲೆ ಇಪ್ಪತ್ತೈದಿದ್ದದ್ದು ಇಪ್ಪತ್ತೆರಡಾಗಿತ್ತು.

ಹಸಿವಾದರೆ ಹೊಟ್ಟೆ ಸಣ್ಣದಾಗುತ್ತದೆ, ಸರಿ. ತಲೆಬುರುಡೆ?

ಬಹಳ ಹೊತ್ತು ಯೋಚಿಸಿ ಬಾಯಿ ತೆರೆದೆ. “ಚಿಕ್ಕಪ್ಪ, ಕೈ ಯಾಕೆ ಗಿಡ್ಡ ಆಯ್ತು?”

“ಯಾರ ಕೈ?”

“ಎಲ್ಲರದೂ.”

ಚಿಕ್ಕಪ್ಪ ಬಂದು ನೋಡಿದ. ಒಂದು ಕ್ಷಣ ಅವನ ಮುಖ ಬಾಡಿತು. ಮಖಮಲ್ಲಿನ ಮೆತ್ತೆಯ ಕಡೆ ನೋಡಿದ. ಆಮೇಲೆ ಸುಧಾರಿಸಿಕೊಂಡ.

“ಬಟ್ಟೆ ಒಗೆದ್ರೆ ಬರೀ ಅಗಲ ಕುಗ್ಗುತ್ತಾ? ಉದ್ದಾನೂ ಕುಗ್ಗುತ್ತೆ. ಮನುಷ್ಯನೂ ಹಾಗೇ. ಹಸಿವು ಅಂದ್ರೆ ಒಟ್ಟಿಗೆ ಎಲ್ಲಾ ಕಡೆಯಿಂದ ಕುಗ್ತಾನೆ.”

“ತಲೆ?”

“ನೀನು ಏಳನೇ ಕ್ಲಾಸಿಗೇ ಪುಸ್ತಕ ಮಡಚಿಟ್ಟವಳು. ಅವರು ಅಷ್ಟು ಓದಿ ಬಂದಿದ್ದಾರೆ. ಅವರಿಗೆ ಪಾಠ ಹೇಳೋಕೆ ಹೋಗ್ತೀಯಾ? ಸುಮ್ನೆ ಬಾಯಿ ಮುಚ್ಕೊಂಡಿರು.”

ಬಾಯಿ ಮುಚ್ಚಿಕೊಂಡಿರುವುದು ನನಗೆ ಎಂದೂ ಕಷ್ಟವಾದ ಕೆಲಸವಲ್ಲ. ಆದರೆ ಎರಡನೇ ವಾರ ಒಂದು ದಿನ ಮೇಡಂ ನನ್ನ ಕೈಲಿದ್ದ ಹೊಲಿಗೆ ನೋಡಿ, “ಇದನ್ನ ಹೇಗೆ ಮಾಡ್ತೀರಿ?” ಎಂದು ಕೇಳಿದ್ದರು. ನನಗೆ ಉತ್ತರ ಹೊರಡಿಸಲು ಎಷ್ಟು ಹೊತ್ತು ಬೇಕಾಯಿತೋ ಅಷ್ಟು ಹೊತ್ತೂ ಕಾದಿದ್ದರು. ಮಧ್ಯದಲ್ಲಿ ಗಡಿಯಾರ ನೋಡಿರಲಿಲ್ಲ. ಅಂಥವರು ಶುಕ್ರವಾರ ತುಂಬಿದ ಸಭೆಯಲ್ಲಿ ನಿಂತಿರುವಾಗ ಯಾರಾದರೂ ಎದ್ದು “ತಲೆ ಹೇಗೆ ಸಣ್ಣದಾಯ್ತು?” ಎಂದರೆ? ಶನಿವಾರದ ಪೆಟ್ಟಿಗೆ ನನ್ನ ಕಣ್ಣಿಗೆ ಕಟ್ಟಿತು.

ಗುರುವಾರ ಬೆಳಿಗ್ಗೆ ಮೇಡಂ ಭಾಷಣಕ್ಕೆಂದು ಹೊಲಿಸಿದ ಕೋಟನ್ನು ಹಾಕಿ ನೋಡಲು ಬರುವವರಿದ್ದರು. ಒಂದು ಚೀಟಿಯಲ್ಲಿ ‘ಕೈ ಕೂಡ ನೋಡಿ’ ಎಂದು ಬರೆದು ಕೋಟಿನ ಬಲತೋಳಿನೊಳಗೆ ಗುಂಡುಸೂಜಿಯಿಂದ ಚುಚ್ಚಿಟ್ಟೆ. ಬಾಯಿ ತೆರೆಯದೆ ಕೆಲಸ ಮುಗಿಯುತ್ತದೆ ಎಂದುಕೊಂಡೆ.

ಮೇಡಂ ತೋಳಿಗೆ ಕೈ ತೂರಿಸಿದವರೇ “ಅಮ್ಮಾ!” ಎಂದು ಕಿರುಚಿದರು. ಅಜ್ಜಿ ಎಚ್ಚರಗೊಂಡಳು. ಚಿಕ್ಕಪ್ಪನ ಕೈಲಿದ್ದ ಸೀಮೆಸುಣ್ಣ ಬಿತ್ತು. ಮೇಡಂ ಕೈ ಹೊರಗೆಳೆದಾಗ ಚೀಟಿ ಅವರ ಮೊಣಕೈಗೆ ಅಂಟಿಕೊಂಡು ಬಂತು. ಅದನ್ನು ಓದಿ, ತಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ನನ್ನ ಕೈಗೆ ಏನಾಗಿದೆ? ಯಾರು ಬರೆದಿದ್ದು ಇದು?”

ಚಿಕ್ಕಪ್ಪ ನನ್ನತ್ತ ದುರುಗುಟ್ಟಿ ನೋಡಿದ. ಮೇಡಂ ಕೂಡ ನೋಡಿದರು, ಮತ್ತೆ ಕಾದರು. ಹೊರಗೆ ಒಂದು ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ಇನ್ನೊಂದು ಹೋಯಿತು.

“ನಿಮ್ಮದಲ್ಲ, ಪುಸ್ತಕದಲ್ಲಿರೋರ ಕೈ,” ಎಂದೆ. “ಅದೂ ಮೂರು ಇಂಚು ಇಳಿದಿದೆ. ತಲೇನೂ.”

ಅವರು ಕೋಟಿನ ಒಂದೇ ತೋಳು ತೊಟ್ಟ ಹಾಗೇ ಹೋಗಿ ಪುಸ್ತಕ ತೆಗೆದರು. ನಾನು ಪಕ್ಕದಲ್ಲಿ ನಿಂತು ಯಾವ ಚಿತ್ರ ಏನೆಂದು ಬೆರಳಿಟ್ಟು ತೋರಿಸಿದೆ. ಪುಟ ತಿರುವಿದಂತೆಲ್ಲ ಅವರ ಮುಖ ಬಿಳಿಚಿಕೊಳ್ಳುತ್ತಾ ಬಂತು. ಪೊಲೀಸಿನವನ ತಲೆಯ ಹತ್ತಿರ ಬಂದು ಕೂತುಬಿಟ್ಟರು.

“ಒಗೆದ ಬಟ್ಟೆ...” ಎಂದು ಚಿಕ್ಕಪ್ಪ ಶುರುಮಾಡಿದ.

“ಮಾಸ್ಟರೇ, ತಲೆಬುರುಡೆ ಕುಗ್ಗಲ್ಲ,” ಎಂದರು ಮೇಡಂ ಸಣ್ಣ ದನಿಯಲ್ಲಿ. “ಹೊಟ್ಟೆ ಇಳಿದಿದ್ದು ಕಂಡ ತಕ್ಷಣ ಹಸಿವು ಅಂದ್ಕೊಂಡೆ. ಆಮೇಲೆ ಬೇರೆ ಏನನ್ನೂ ನೋಡೋಕೇ ಹೋಗಲಿಲ್ಲ. ನೋಡಿ, ಈ ಪೊಲೀಸಿನವರು. ಅಂಗಡಿ ಮತ್ತೆ ತೆಗೆದ ಮೊದಲ ದಿನ ಇವರ ಸೊಂಟ ಇಳಿದೇ ಇಲ್ಲ, ಇನ್ನೂ ನಲವತ್ತೊಂದೇ ಇದೆ. ಇಷ್ಟು ಜನ ಇಳಿದಿರುವಾಗ ಇವರೊಬ್ಬರದು ಏನೋ ಬರೆಯೋವಾಗ ತಪ್ಪಾಗಿರಬೇಕು ಅಂತ ನಾನೇ ಹೊಡೆದುಹಾಕಿದೆ.” ತಲೆಯ ಮೇಲೆ ಕೈಹೊತ್ತರು. “ಹಾಗಾದ್ರೆ ಎಲ್ಲರ ಮೂರು ಇಂಚೂ ಎಲ್ಲಿಗೆ ಹೋಯ್ತು?”

“ಇಸ್ತ್ರಿ ಪೆಟ್ಟಿಗೆ ತಿಂತು,” ಎಂದಳು ಅಜ್ಜಿ.

ಮೂವರೂ ಅವಳ ಕಡೆ ತಿರುಗಿದೆವು.

“ಟೇಪಿನ ತುದಿ. ಇವನಪ್ಪ ಇಸ್ತ್ರಿ ಪೆಟ್ಟಿಗೆ ಅದರ ಮೇಲೆ ಇಟ್ಟು ಮಾತಾಡ್ತಾ ನಿಂತ್ರು. ಮೊದಲಿನ ಮೂರು ಇಂಚು ಸುಟ್ಟು ಹೋಯ್ತು, ಕತ್ತರಿಸಿ ಎಸೆದ್ರು. ಆಮೇಲೆ ಏನು ಅಳೆದ್ರೂ ಮೂರು ಇಂಚು ಜಾಸ್ತಿ ತೋರಿಸ್ತಿತ್ತು. ಹೊಸದು ತನ್ನಿ ಅಂದೆ. ಮೂರು ಕಳೆದ್ರೆ ಆಯ್ತಲ್ಲ, ಅದಕ್ಕೆ ಹೊಸ ಟೇಪ್ ಯಾಕೆ ಅಂದ್ರು. ಅವರಿಗೇನು! ಮುಂದೆ ನಿಂತು ಅಳೆದು ನಲವತ್ತೊಂದೂ ಅಂತ ಕೂಗೋದು, ಹಾಗೇ ಪುಸ್ತಕದಲ್ಲಿ ಬರೆಯೋದು. ಪರದೆ ಹಿಂದೆ ಕೂತು ಬಟ್ಟೆ ಕತ್ತರಿಸ್ತಿದ್ದವಳು ನಾನು. ಪ್ರತಿಯೊಂದರಲ್ಲೂ ಮೂರು ಕಳೀಬೇಕಾಗಿದ್ದವಳೂ ನಾನೇ.”

ಚಿಕ್ಕಪ್ಪನ ಬಾಯಿ ತೆರೆದೇ ಇತ್ತು. “ಇದನ್ನ ಇಷ್ಟು ವರ್ಷ ಯಾಕಮ್ಮಾ ಹೇಳಲಿಲ್ಲ?”

“ನೀವು ಯಾವಾಗ ಕೇಳಿದ್ರಿ? ಡಾಕ್ಟರ ಹತ್ರ ಕರ್ಕೊಂಡು ಹೋದ್ರಿ.”

ಮೇಡಂ ಪೆನ್ನು ತೆಗೆದರು. “ಎಷ್ಟು ವರ್ಷ ಹಾಗೆ ಕಳೆದ್ರಿ ಅಜ್ಜಿ?”

“ಹನ್ನೊಂದು.”

ಮೇಡಂ ಬರೆಯಲು ಹೋದವರು ತಡೆದರು. “ಇದು ಮೂರು ಕಳೆಯೋಕೆ ಮುಂಚೇನಾ, ಕಳೆದ ಮೇಲಾ?”

ಅಜ್ಜಿ ಯೋಚಿಸಿದಳು. “ಕಳೆದ ಮೇಲೆ.”

ಮೇಡಂ ಹದಿನಾಲ್ಕು ಎಂದು ಬರೆದುಕೊಂಡರು. “ಮತ್ತೆ ಆ ಎರಡು ತಿಂಗಳು ಅಂಗಡಿ ಯಾಕೆ ಮುಚ್ಚಿದ್ರಿ?”

“ಇವನು ಹುಟ್ಟಿದ,” ಎಂದು ಅಜ್ಜಿ ಚಿಕ್ಕಪ್ಪನ ಕಡೆ ಗಲ್ಲ ಎತ್ತಿದಳು. “ಹಸಿವು ಅಂದ್ರೆ ಅದಮ್ಮಾ! ಹಾಲು ಕುಡಿದು ಬಾಯಿ ಒರೆಸೋಕೂ ಬಿಡ್ತಿರ್ಲಿಲ್ಲ, ಮತ್ತೆ ಅಳು. ನಿದ್ದೆಗೆಟ್ಟು ನನಗೆ ತಲೆ ಓಡ್ತಿರ್ಲಿಲ್ಲ. ಅಂಗಡಿ ತೆಗೆದ ದಿನ ಪೊಲೀಸಪ್ಪನ ಪ್ಯಾಂಟಿಗೆ ಎರಡು ಸಲ ಮೂರು ಕಳೆದುಬಿಟ್ಟೆ. ಹೇಗೋ ಏರಿಸ್ಕೊಂಡು ಕೂತ, ಆಮೇಲೆ ಏಳೋಕಾಗ್ಲಿಲ್ಲ. ಮೂರು ಜನ ಬೇಕಾಯ್ತು. ಅವತ್ತೇ ಸಾಯಂಕಾಲ ಹೊಸ ಟೇಪು ಬಂತು.”

ಚಿಕ್ಕಪ್ಪ ನಿಧಾನವಾಗಿ ಸ್ಟೂಲಿನ ಮೇಲೆ ಕುಳಿತ.

“ಅಂದ್ರೆ ಮಹಾ ಹಸಿವು ಅಂದ್ರೆ... ನಾನಾ?”

ಮೇಡಂಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ತುಂಬಿಕೊಂಡರು, ನಾಳೆಯ ನೆನಪಾಗಿರಬೇಕು. ಆಮೇಲೆ ಮುಖ ಒರೆಸಿಕೊಂಡು, “ಅಜ್ಜಿ ಹೇಳಿದ್ದು ನಿಜ ಅನ್ಸುತ್ತೆ. ಆದ್ರೆ ಬೇಕರಿಯವರ ಬೆಲ್ಟೂ ನನಗೆ ನಿಜ ಅನ್ಸಿತ್ತು,” ಎಂದರು. “ಮಾತು ಬಿಟ್ಟು ಬೇರೇನಾದ್ರೂ ಬೇಕು. ಆ ಹಳೇ ಟೇಪಿನಲ್ಲಿ ಅಳೆದು ಹೊಲಿದ ಬಟ್ಟೆ ಒಂದಾದ್ರೂ ಉಳಿದಿದ್ಯಾ?”

“ಬೇಕರಿಯವರ ಕೋಟು,” ಎಂದೆ. ಒಂದೇ ದಿನದಲ್ಲಿ ನಾನು ಇಷ್ಟು ಸಲ ಮಾತಾಡಿದ್ದು ಅದೇ ಮೊದಲು.

ನಾವು ಪುಸ್ತಕ, ಟೇಪು ಎತ್ತಿಕೊಂಡು ಪಕ್ಕಕ್ಕೆ ಓಡಿದೆವು. ಬೇಕರಿಯವನು ಆ ಕೋಟಿನಲ್ಲೇ ನಿಂತು ಬನ್ನು ಮಾರುತ್ತಿದ್ದ. ಬ್ರೆಡ್ಡಿನ ಪುಟದಲ್ಲಿ ಚುಚ್ಚಿದ್ದ ಚೂರನ್ನು ಮೇಡಂ ಅವನ ಎದೆಯ ಮೇಲಿಟ್ಟು ನೋಡಿದರು. ಅದೇ ಕಂದು, ಅದೇ ಚೌಕಳಿ, ಅದೇ ಹಳದಿ ಎಳೆ. ಹಸಿವಿಗೆ ಮುಂಚಿನ ತಾರೀಖು.

“ಸೊಂಟ ಅಳೀಲಾ?” ಎಂದು ನನ್ನನ್ನು ಕೇಳಿದರು.

“ಬೇಡ. ಸೊಂಟಕ್ಕೆ ಸಡಿಲ ಬಿಟ್ಟಿರ್ತಾರೆ, ಗೊತ್ತಾಗಲ್ಲ. ತೋಳು ಅಳೀಬೇಕು.”

ಬೇಕರಿಯವನು ಹೆಮ್ಮೆಯಿಂದ ಕೈ ಚಾಚಿದ. “ಅಳೀರಿ, ಅಳೀರಿ. ಹಸಿವಿನ ಕೋಟು.”

ಪುಸ್ತಕದಲ್ಲಿ ಇಪ್ಪತ್ತೇಳಿತ್ತು. ತೋಳು ಇಪ್ಪತ್ನಾಲ್ಕು ಇಂಚಿತ್ತು. ಎರಡೆರಡು ಸಲ ಅಳೆದೆ. ಬೇಕರಿಯವನಿಗೆ ಏನೂ ಹೇಳದೆ ನಾವು ಎರಡು ಬನ್ನು ತೆಗೆದುಕೊಂಡು ಹೊರಗೆ ಬಂದೆವು.

ಅಂಗಡಿಯ ಮೆಟ್ಟಿಲ ಮೇಲೆ ಚಿಕ್ಕಪ್ಪ ಕಾಯುತ್ತಿದ್ದ. ವಿಷಯ ಕೇಳಿ, “ಮೇಡಂ, ನನ್ನ ಮಾತು ಕೇಳಿ,” ಎಂದು ಕೈಮುಗಿದ. “ನಾಳೆ ಒಂದು ದಿನ ಹಸಿವು ಇರ್ಲಿ. ನಿಮ್ಮ ಕೆಲಸ ಕಾಯಂ ಆಗ್ಲಿ, ನಮ್ಮಪ್ಪ ಗಾಜಿನ ಪೆಟ್ಟಿಗೆಗೆ ಹೋಗ್ಲಿ. ಶನಿವಾರದಿಂದ ಬೇಕಾದ್ರೆ ಎಲ್ಲರಿಗೂ ಊಟ ಹಾಕೋಣ.”

ಮೇಡಂ ಬನ್ನು ಮುರಿದು ಬಾಯಿಗಿಟ್ಟುಕೊಂಡರು. “ನನಗೂ ಹಾಗೇ ಅನ್ಸುತ್ತೆ ಮಾಸ್ಟರೇ,” ಎಂದರು. “ಆದ್ರೆ ಇವರು ಕೈ ನೋಡಿದ ಹಾಗೆ ಇನ್ನೊಬ್ಬರು ಯಾವತ್ತಾದ್ರೂ ನೋಡೇ ನೋಡ್ತಾರೆ.” ಆಮೇಲೆ ನನ್ನ ಕಡೆ ತಿರುಗಿ, “ನಾಳೆ ನೀವೂ ಬರ್ಬೇಕು. ಟೇಪು ತನ್ನಿ,” ಎಂದರು. ನಾನು ಆಗುವುದಿಲ್ಲ ಎನ್ನಲು ಮಾತು ಹುಡುಕುವಷ್ಟರಲ್ಲಿ ಅವರು ಹೊರಟುಹೋಗಿದ್ದರು.

ಶುಕ್ರವಾರ ಸಂಜೆ ಪುರಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸಿದವರ ಮನೆತನಗಳೆಲ್ಲ ಮುಂದಿನ ಸಾಲುಗಳಲ್ಲಿ ಕೂತಿದ್ದವು. ವೇದಿಕೆಯ ಮೇಲೆ ಹೊಟ್ಟೆ ಹತ್ತರಿ ಹೊಡೆಸಿಕೊಂಡ ನಮ್ಮ ಬೊಂಬೆ. ಅದರ ಹಿಂದೆ ನಾನು, ಆದಷ್ಟೂ ಅದರ ಮರೆಯಲ್ಲಿ. ಡೈರೆಕ್ಟರು ಮೊದಲ ಸಾಲಿನ ನಡುವೆ ಕೈಕಟ್ಟಿ ಕೂತಿದ್ದರು.

ಮೇಡಂ ಬಂದು ನಿಂತು, ನೀರು ಕುಡಿದು, “ಮಹಾ ಹಸಿವು ಬಂದೇ ಇರಲಿಲ್ಲ,” ಎಂದರು.

ಸಭೆ ಒಂದು ಕ್ಷಣ ಅದನ್ನೂ ಚಪ್ಪಾಳೆ ತಟ್ಟಬೇಕಾದ ಮಾತೇ ಎಂದುಕೊಂಡಿತು. ಆಮೇಲೆ ಚಪ್ಪಾಳೆ ಅಲ್ಲಲ್ಲೇ ನಿಂತಿತು. ಮೇಡಂ ಎಲ್ಲವನ್ನೂ ಹೇಳಿದರು. ತಾವು ಬರೀ ಹೊಟ್ಟೆ ನೋಡಿದ್ದು, ಪೊಲೀಸಿನವನ ಸೊಂಟ ಹೊಡೆದುಹಾಕಿದ್ದು, ಯಾರೂ ಕಿವಿಗೊಡದ ಅಜ್ಜಿಯ ಮಾತು, ಇಸ್ತ್ರಿ ಪೆಟ್ಟಿಗೆ, ಎರಡು ತಿಂಗಳು ಅಂಗಡಿ ಮುಚ್ಚಿಸಿದ ಮಗು. ನಾನು ಮೂರು ಇಂಚು ಕತ್ತರಿಸಿದ ಟೇಪನ್ನು ಎತ್ತಿ ಹಿಡಿದೆ. ಅದು ಚಿಕ್ಕಪ್ಪನ ಹೊಸ ಟೇಪು. ಬೊಂಬೆಯನ್ನು ಅದರಿಂದ ಒಮ್ಮೆ, ಪೂರ್ತಿ ಟೇಪಿನಿಂದ ಒಮ್ಮೆ ಅಳೆದು ತೋರಿಸಿದೆ. ಬೇಕರಿಯವನನ್ನು ಮೇಲೆ ಕರೆದು ತೋಳನ್ನೂ ಅಳೆದೆವು.

“ಹಾಗಾದ್ರೆ ನಮ್ಮಪ್ಪ ಬೆಲ್ಟ್ ತಿಂದಿದ್ದು ಸುಳ್ಳಾ?” ಎಂದು ಅವನು ವೇದಿಕೆಯ ಮೇಲೇ ಅಬ್ಬರಿಸಿದ.

“ನಮ್ಮ ತಾತ ಶೂ?” ಎಂದು ಚಪ್ಪಲಿ ಅಂಗಡಿಯವನು ಎದ್ದ.

“ಶೂ ತಿಂದಿರಬಹುದು,” ಎಂದರು ಮೇಡಂ ವಿನಯದಿಂದ. “ಹಸಿವಿನಿಂದ ಅಲ್ಲ.”

ಗಲಾಟೆಯೆದ್ದಿತು. ನಮ್ಮನ್ನು ಅವಮಾನ ಮಾಡೋಕೆ ಕರೆದ್ರಾ ಎಂದು ಯಾರೋ ಕೂಗಿದರು. ಮೇಡಂ ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದರು. ಅವರ ಕಣ್ಣು ಡೈರೆಕ್ಟರ ಮೇಲಿತ್ತು, ನನ್ನದೂ. ಡೈರೆಕ್ಟರು ಎದ್ದು ನಿಂತರು. ಸದ್ದಡಗಿತು.

“ಹತ್ತು ವರ್ಷದ ಹಿಂದೆ ನಾನೊಂದು ಪೀಠ ತಂದು, ರಾಣಿ ಕೂತಿದ್ದ ಪೀಠ ಅಂತ ಮ್ಯೂಸಿಯಂನಲ್ಲಿ ಇಟ್ಟಿದ್ದೆ,” ಎಂದರು. “ಆಮೇಲೆ ಏನಾಯ್ತು?”

ಎಲ್ಲರಿಗೂ ಗೊತ್ತಿತ್ತು. ಕ್ಷೌರದ ಅಂಗಡಿಯವರು ಬಂದು, ಕಳೆದುಹೋಗಿದ್ದ ತಮ್ಮ ಕುರ್ಚಿ ಎಂದು ಅದನ್ನು ಎತ್ತಿಕೊಂಡು ಹೋಗಿದ್ದರು. ಅದರ ಕೆಳಗೆ ಅವರ ಅಂಗಡಿಯ ಹೆಸರೇ ಬರೆದಿತ್ತು.

“ಇವತ್ತಿಗೂ ನನ್ನ ಬೆನ್ನ ಹಿಂದೆ ನೀವು ಏನಂತ ಕರೀತೀರಿ ಅಂತ ನನಗೆ ಗೊತ್ತು. ಪೀಠವನ್ನ ಒಂದು ಸಲ ತಿರುಗಿಸಿ ಕೆಳಗೆ ನೋಡೋರು ಒಬ್ಬರು ಅವತ್ತು ನನ್ನ ಹತ್ರ ಇದ್ದಿದ್ರೆ...” ಅವರು ವೇದಿಕೆಯ ಕಡೆ ತಿರುಗಿದರು. “ಮೇಡಂ, ಸೋಮವಾರದಿಂದ ನಿಮ್ಮ ಕೆಲಸ ಕಾಯಂ. ಆ ಪುಸ್ತಕ ಗಾಜಿನ ಪೆಟ್ಟಿಗೆಗೇ ಬರ್ಲಿ, ಟೇಪಿನ ಕಥೆಯ ಜೊತೆ.”

ಮೇಡಂ ಕೈಲಿದ್ದ ಕಾಗದಗಳಷ್ಟೂ ಬಿದ್ದುಹೋದವು. ಚಿಕ್ಕಪ್ಪ ಮಾತ್ರ ಎಲ್ಲರಿಗಿಂತ ಮೊದಲು ಎದ್ದು ನಿಂತು, ಸಭೆಗೆ ಬೆನ್ನು ಬಗ್ಗಿಸಿ ನಮಸ್ಕರಿಸಿ, “ಆ ಎರಡು ತಿಂಗಳು ನಾನೇ!” ಎಂದು ಸಾರಿದ. ಜನ ಗೊಳ್ಳೆಂದು ನಕ್ಕರು. ಬೇಕರಿಯವನೂ ನಕ್ಕ, ಸ್ವಲ್ಪ ತಡವಾಗಿ.

ಡೈರೆಕ್ಟರಿಗೆ ಹುರುಪು ಬಂದಿತ್ತು. “ಇನ್ನೊಂದು ವಿಷಯ. ಐವತ್ತು ವರ್ಷ ಆದ ಮೇಲೆ ಬರೋರು ನಮ್ಮ ಬಗ್ಗೆ ಹೀಗೆ ತಪ್ಪು ತಿಳ್ಕೋಬಾರ್ದು. ಇವತ್ತಿನ ಊರಿನ ಸೊಂಟವನ್ನ ಇವತ್ತೇ, ಇಲ್ಲೇ, ಸರಿಯಾದ ಟೇಪಿನಲ್ಲಿ ಅಳೆದು ಬರೆದಿಡೋಣ. ಜೋರಾಗಿ ಓದಿ ಹೇಳಿ, ಎಲ್ಲರೂ ಸಾಕ್ಷಿ ಇರ್ಲಿ.”

“ಮೊದಲು ನಿಮ್ಮದೇ ಆಗ್ಲಿ ಸಾರ್!” ಎಂದು ಹಿಂದಿನಿಂದ ಯಾರೋ ಕೂಗಿದರು.

“ನಾನು ಆತಿಥೇಯ. ನನ್ನದು ಕೊನೆಗೆ,” ಎಂದು ಡೈರೆಕ್ಟರು ಕೋಟಿನ ಗುಂಡಿ ಹಾಕಿಕೊಂಡು ಕೂತುಬಿಟ್ಟರು.

ಮೇಡಂ ಹೊಸ ಪುಸ್ತಕದ ಮೊದಲ ಪುಟ ತೆರೆದು ಪೆನ್ನು ಹಿಡಿದರು. ಪೂರ್ತಿ ಟೇಪನ್ನು ನನ್ನ ಕೈಗೆ ಕೊಟ್ಟು, “ನೀವೇ ಕರೀರಿ,” ಎಂದರು. ನಾನು ಬೊಂಬೆಯ ಮರೆಯಿಂದ ಹೊರಗೆ ಬಂದೆ. ಮುನ್ನೂರು ಜನ ನನ್ನನ್ನೇ ನೋಡುತ್ತಿದ್ದರು. ಟೇಪು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದೆ. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಎಲ್ಲರೂ ಉಸಿರು ಒಳಗೆಳೆದು ನೆಟ್ಟಗೆ ಕೂತರು. ಬೇಕರಿಯವನು ಕೋಟನ್ನು ಮುಂದಕ್ಕೆಳೆದುಕೊಂಡ. ಚಿಕ್ಕಪ್ಪ ಚಾವಣಿ ನೋಡತೊಡಗಿದ.

“ಯಾರಾದ್ರೂ ಒಬ್ಬರು ಮುಂದೆ ಬನ್ನಿ,” ಎಂದೆ.